ಬೀಗದ ಜಿನ್‌ಫಾನ ಬಾಗಿಲ ಬರಹ

ಬೀಗ ರಿಪೇರಿ ಮಾಡುವವನ ಮನೆಗೆ ಕಳ್ಳ ಬರುವುದಿಲ್ಲ ಎಂಬ ಮಾತು ನಮ್ಮ ಓಣಿಯಲ್ಲಿ ಚಾಲ್ತಿಯಲ್ಲಿತ್ತು. ಅದನ್ನು ಹುಟ್ಟುಹಾಕಿದವನು ಬೀಗ ರಿಪೇರಿಯ ಕೋ ಜಿನ್‌ಫಾನೇ ಆದ್ದರಿಂದ ಗಾದೆ ಎಂದು ಒಪ್ಪಿಕೊಳ್ಳಲು ಸ್ವಲ್ಪ ಕಷ್ಟ.

ತೈನಾನ್ ಊರಿನ ಭೂಮಿದೇವ ತಾತನ ಗುಡಿಯ ಎದುರು, ಕಡಲ ಸಿಂಪಿಯ ಮಾಂಸ ಹಾಕಿ ಆಮ್ಲೆಟ್ ಹುಯ್ಯುವ ಆ-ಚೂ ಅಕ್ಕನ ಒಲೆಯ ಪಕ್ಕದಲ್ಲಿ ಅವನ ಅಂಗಡಿ. ಅಂಗಡಿಯೆಂದರೆ ಒಂದು ಸ್ಟೂಲು, ಕೀಲಿ ಕೊರೆಯುವ ಯಂತ್ರ, ಮತ್ತು ಅವನ ಸೊಂಟದಲ್ಲಿ ಜೋತಾಡುವ ಕೀಲಿ ಗೊಂಚಲು. ಆ ಗೊಂಚಲು ಎಷ್ಟು ದೊಡ್ಡದೆಂದರೆ ಜಿನ್‌ಫಾ ಬರುವ ಮೊದಲೇ ಅವನ ಸದ್ದು ಬರುತ್ತಿತ್ತು. ಓಣಿಯ ನಾಯಿಗಳು ಅವನಿಗೆ ಬೊಗಳುವುದನ್ನು ಬಿಟ್ಟು ವರ್ಷಗಳೇ ಆಗಿದ್ದವು. ಇಂಥ ಮನುಷ್ಯ ಪರರ ಬಾಗಿಲನ್ನು ಒಂದು ಸೊಟ್ಟ ತಂತಿಯಲ್ಲಿ ತೆಗೆಯುತ್ತಿದ್ದ. ತನ್ನ ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಓಣಿಯೆಲ್ಲ ಹುಡುಕುತ್ತಿದ್ದ.

ಎಲ್ಲಾ ಶುರುವಾದದ್ದು ಅವನ ಷಡ್ಡಕ ವೇಯ್‌ಹೋಂಗನಿಂದ. ಅಂದರೆ ಹೆಂಡತಿ ಯೂಚಿನ್‌ಳ ತಂಗಿಯ ಗಂಡನಿಂದ. ಷಡ್ಡಕರ ನಡುವೆ ಪ್ರೀತಿ ಇರಬಾರದೆಂದು ಕಾನೂನೇನಿಲ್ಲ, ಆದರೆ ಇದ್ದದ್ದನ್ನು ಕಂಡವರಿಲ್ಲ. ವೇಯ್‌ಹೋಂಗ್ ಕ್ರಿಪ್ಟೋ ನಾಣ್ಯದಲ್ಲಿ ಏನೋ ಮಾಡಿಕೊಂಡು, ಹೆಂಡತಿಗೆ ಹೆಬ್ಬೆರಳು ದಪ್ಪದ ಚಿನ್ನದ ಬಳೆ ಮಾಡಿಸಿದ್ದ. ಹೋದ ಹೊಸವರ್ಷದ ಎರಡನೇ ದಿನ, ಹೆಣ್ಣುಮಕ್ಕಳೆಲ್ಲ ಗಂಡಂದಿರನ್ನು ಎಳೆದುಕೊಂಡು ತವರಿಗೆ ಬರುವ ದಿನ, ಆ ಬಳೆ ಊಟದ ಮೇಜಿನ ಮೇಲೆ ಮೀನಿಗಿಂತ ಮುಂದೆ ಬಂದು ಕೂತಿತ್ತು. ಯೂಚಿನ್‌ಳ ಕೈಯಲ್ಲಿದ್ದದ್ದು ಮದುವೆಯಲ್ಲಿ ಅವಳಮ್ಮ ಹಾಕಿದ ಎರಡು ಸಣ್ಣ ಬಳೆ. ಅವಳು ಮಾತಾಡುತ್ತಲೇ ಅಂಗಿಯ ತೋಳನ್ನು ಮೆಲ್ಲಗೆ ಬಳೆಯ ಮೇಲೆ ಎಳೆದುಕೊಂಡಿದ್ದಳು. ಜಿನ್‌ಫಾ ಅದನ್ನು ನೋಡಿದ. ಅದು ಅವನ ಎದೆಯಲ್ಲಿ ಮುಳ್ಳಿನಂತೆ ಉಳಿಯಿತು.

ಈ ವರ್ಷದ ಕೊನೆಯ ತಿಂಗಳಲ್ಲಿ ವೇಯ್‌ಹೋಂಗ್ ಅಂಗಡಿಗೆ ಬಂದು, ಸ್ಟೂಲಿನ ಮೇಲೆ ತಾನೇ ಕೂತು ಹೇಳಿದ:

"ಅಣ್ಣಾ, ನಿನ್ನ ಬೀಗದ ಕಾಲ ಮುಗೀತು. ಈಗಿನ ಹಣಕ್ಕೆ ಕಬ್ಬಿಣದ ಬೀಗ ಇಲ್ಲ. ಫೋನಲ್ಲೊಂದು ವಾಲೆಟ್, ಅದಕ್ಕೆ ಹನ್ನೆರಡು ಪದದ ಕೀಲಿ. ನಿನ್ನ ಕೈಲಿ ಆಗೋ ಕೆಲಸ ಅಲ್ಲ ಬಿಡು."

"ನಾನು ತೆಗೆಯದ ಬೀಗ ಇನ್ನೂ ಹುಟ್ಟಿಲ್ಲ ಕಣೋ!" ಎಂದ ಜಿನ್‌ಫಾ.

"ತೆಗೆಯೋದು ಬಿಡು, ಕಾಯೋಕಾಗುತ್ತಾ? ಆ ಪದ ಕಳಕೊಂಡ್ರೆ ಡೂಪ್ಲಿಕೇಟ್ ಕೀಲಿ ಮಾಡಿಕೊಡೋರು ಭೂಮಿ ಮೇಲಿಲ್ಲ. ಬೇರೆಯವರ ಕಣ್ಣಿಗೆ ಬಿದ್ರೆ ಹಣ ಅವರದ್ದು. ಪೊಲೀಸೂ ಇಲ್ಲ, ಮ್ಯಾನೇಜರೂ ಇಲ್ಲ."

ಡೂಪ್ಲಿಕೇಟ್ ಇಲ್ಲದ ಕೀಲಿ! ಡೂಪ್ಲಿಕೇಟ್ ಮಾಡಿಯೇ ಹೊಟ್ಟೆ ಹೊರೆದವನಿಗೆ ಇದಕ್ಕಿಂತ ಅವಮಾನ ಬೇರೆ ಬೇಕೆ? ಮರುದಿನ ಯೂಚಿನ್ ಮಾರುಕಟ್ಟೆಗೆ ಹೋದ ಹೊತ್ತು ನೋಡಿ ಅವನು ಬೀರು ತೆಗೆದ. ಅವಳ ಎರಡು ಬಳೆಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಚಿನ್ನದಂಗಡಿಯ ಪಾಂಗನ ಹತ್ತಿರ ಹೋಗಿ ಮಾರಿಬಿಟ್ಟ. ಲೆಕ್ಕಾಚಾರ ಸರಳವಾಗಿತ್ತು. ನಾಣ್ಯ ಕೊಳ್ಳುವುದು, ಅದು ಏರುವುದು, ಹೊಸವರ್ಷದ ಎರಡನೇ ದಿನದೊಳಗೆ ವೇಯ್‌ಹೋಂಗನ ಬಳೆಗಿಂತ ದಪ್ಪದ ಬಳೆ ತಂದು ಹೆಂಡತಿಯ ಕೈಗೆ ಹಾಕುವುದು. ಏರದಿದ್ದರೆ ಎಂಬ ಪ್ರಶ್ನೆ ಅವನಿಗೆ ಹೊಳೆಯಲಿಲ್ಲ. ಹೊಳೆಯುವಂಥ ತಲೆಯಾಗಿದ್ದರೆ ಈ ಕಥೆ ಇರುತ್ತಿರಲಿಲ್ಲ.

"ಯಾರಿಗೂ ಹೇಳಬೇಡ ಪಾಂಗಣ್ಣಾ."

"ಛೆ ಛೆ! ನನ್ನ ಬಾಯಿ ಅಂದ್ರೆ ತಿಜೋರಿ," ಎಂದ ಪಾಂಗ್.

ವಾಲೆಟ್ ಸ್ಥಾಪನೆ ಅಂಗಡಿಯಲ್ಲೇ ನಡೆಯಿತು. ಫೋನು ಅವನನ್ನು ಮೊದಲು ಬೆದರಿಸಿತು, ಆಮೇಲೆ ಪ್ರಮಾಣ ಮಾಡಿಸಿಕೊಂಡಿತು. ಪದಗಳನ್ನು ಕಾಗದದ ಮೇಲೆ ಬರೆದುಕೊಳ್ಳಿ. ಫೋಟೋ ತೆಗೆಯಬೇಡಿ. ಯಾರಿಗೂ ತೋರಿಸಬೇಡಿ. ಕೇಳುವವನು ಯಾರೇ ಆಗಿರಲಿ, ಕಳ್ಳನೇ. ಕಳೆದುಹೋದರೆ ನಮ್ಮನ್ನು ಕೇಳಬೇಡಿ. ಜಿನ್‌ಫಾ ಪ್ರತಿಯೊಂದಕ್ಕೂ "ಆಯ್ತು, ಆಯ್ತು ಸ್ವಾಮಿ" ಎಂದು ಗಟ್ಟಿಯಾಗಿ ಉತ್ತರಿಸಿದ್ದನ್ನು ಆ-ಚೂ ಅಕ್ಕ ಕೇಳಿಸಿಕೊಂಡಳು. ತೆರಿಗೆಯವರ ಫೋನಿರಬೇಕು ಎಂದುಕೊಂಡಳು.

ಆಮೇಲೆ ಪರದೆಯ ಮೇಲೆ ಹನ್ನೆರಡು ಪದ ಬಂದವು. ನಮ್ಮ ಚೀನೀ ಲಿಪಿಯಲ್ಲಿ ಒಂದು ಪದಕ್ಕೆ ಒಂದೇ ಅಕ್ಷರ ಸಾಕಾದ್ದರಿಂದ ಒಟ್ಟು ಹನ್ನೆರಡೇ ಅಕ್ಷರ. ಮುದಿ, ತಲೆ, ನೀರು, ಬೆಟ್ಟ. ಮೂರು, ಕುದುರೆ, ಗಾಳಿ, ದಾರಿ. ಹೊರಗೆ, ಬಾಗಿಲು, ಒಂಬತ್ತು, ಕೈ. ಒಂದು ಚೀಟಿಯ ಮೇಲೆ ಬರೆದುಕೊಂಡ. ನಾಣ್ಯ ಕೊಂಡು ವಾಲೆಟ್ಟಿಗೆ ಹಾಕಿದ. ಸಂಜೆ ಯೂಚಿನ್ ಇದೇ ಫೋನಿನಲ್ಲಿ ಧಾರಾವಾಹಿ ನೋಡುತ್ತಾಳೆ ಎಂಬುದು ನೆನಪಾದದ್ದೇ, ವಾಲೆಟ್ಟನ್ನು ಫೋನಿನಿಂದ ಅಳಿಸಿಹಾಕಿದ. ಅದರಲ್ಲಿ ತಪ್ಪಿಲ್ಲ, ಪದಗಳಿದ್ದರೆ ಯಾವ ಫೋನಿನಲ್ಲಾದರೂ ಮತ್ತೆ ತೆರೆಯಬಹುದು ಎಂದು ಫೋನೇ ಹೇಳಿತ್ತು. ಈಗ ಇಡೀ ಸಂಸಾರದ ಮಾನ ಆ ಚೀಟಿಯ ಮೇಲೆ ನಿಂತಿತು.

ಚೀಟಿಯನ್ನು ಎಲ್ಲಿಡುವುದು? ಬೇರೆ ಸಮಯದಲ್ಲಾಗಿದ್ದರೆ ಎಲ್ಲಾದರೂ ಇಡಬಹುದಿತ್ತು. ಆದರೆ ಅದು ವರ್ಷದ ಕೊನೆಯ ಮನೆ ತೊಳೆಯುವ ವಾರ. ಯೂಚಿನ್ ಮಣಿಕಟ್ಟಿನಿಂದ ಮೇಲಕ್ಕೆ ಕೈ ಮುಚ್ಚುವ ಹೂವಿನ ತೋಳುಗವಸು ಏರಿಸಿ, ತಲೆಗೆ ಬಟ್ಟೆ ಕಟ್ಟಿ, ಪೊರಕೆ ಹಿಡಿದಳೆಂದರೆ ಮನೆಯೊಳಗೆ ಸ್ವಂತ ಗಂಡನೂ ಒಂದೇ ಕಡೆ ಹೆಚ್ಚು ಹೊತ್ತು ನಿಲ್ಲುವ ಹಾಗಿರಲಿಲ್ಲ. ಅಕ್ಕಿ ಡಬ್ಬಿಯ ತಳದಲ್ಲಿಟ್ಟ; ಅವಳು ಅಕ್ಕಿಯನ್ನು ಜರಡಿಗೆ ಸುರಿದಳು. ದೇವರ ಹಿಂದೆ ಸಿಕ್ಕಿಸಿದ; ಅವಳು ದೇವರನ್ನೇ ಇಳಿಸಿ ಒರೆಸಿದಳು. ಬೂಟಿನೊಳಗಿಟ್ಟ, ಬೂಟು ಕಸದ ಗಾಡಿಯ ಸಂಗೀತ ಕೇಳುತ್ತಲೇ ಬಾಗಿಲು ದಾಟಿತ್ತು. ಅದರ ಹಿಂದೆ ಓಡಿ ಕಿತ್ತುಕೊಂಡು ಬಂದ.

"ಏನ್ರೀ, ಹರಿದ ಬೂಟಿನ ಮೇಲೆ ಅಷ್ಟೊಂದು ಮಮತೆ?" ಎಂದಳು ಯೂಚಿನ್. ಎಲ್ಲಿಂದಲೋ ಕಿಣಿಕಿಣಿ ಸದ್ದಾಯಿತು. ಜಿನ್‌ಫಾ ಸೊಂಟದ ಗೊಂಚಲನ್ನು ಗಟ್ಟಿ ಹಿಡಿದುಕೊಂಡ.

"ಹಳೇ ಸ್ನೇಹ," ಎಂದ.

"ಬೇರೆ ಏನಾದ್ರೂ ಹೇಳೋದಿದೆಯಾ ನನಗೆ?"

"ಏನಿರುತ್ತೆ? ಏನಿಲ್ಲ!"

ಆ ಗಳಿಗೆಯಲ್ಲಿ ಅವನ ಕಣ್ಣು ಬಾಗಿಲಿನ ಮೇಲೆ ಬಿತ್ತು. ಹೋದ ಹೊಸವರ್ಷಕ್ಕೆ ಶುಭದ ಮಾತು ಬರೆಸಿ ಅಂಟಿಸಿದ ಕೆಂಪು ಕಾಗದದ ಜೋಡಿ ಸಾಲು ಬಣ್ಣಗೆಟ್ಟು ಹಾಗೆಯೇ ಇತ್ತು. ಬಲಕ್ಕೊಂದು ಉದ್ದ ಪಟ್ಟಿ, ಎಡಕ್ಕೊಂದು, ಮೇಲೆ ಅಡ್ಡಕ್ಕೊಂದು. ಇಡೀ ಮನೆಯಲ್ಲಿ ಹೆಂಡತಿಯ ಪೊರಕೆ ವರ್ಷವಿಡೀ ಮುಟ್ಟದ ಕಾಗದ ಅದೊಂದೇ! ಈಗ ಹೊಸದು ಅಂಟಿಸಿದರೆ ಮುಂದಿನ ಹೊಸವರ್ಷದವರೆಗೆ ಯಾರೂ ಕೀಳುವುದಿಲ್ಲ. ಅಂಟಿಸಿದ ಮರುದಿನದಿಂದ ಯಾರೂ ಓದುವುದೂ ಇಲ್ಲ. ಇನ್ನು ಲೆಕ್ಕ: ಬಲಕ್ಕೆ ನಾಲ್ಕಕ್ಷರ, ಎಡಕ್ಕೆ ನಾಲ್ಕು, ಮೇಲೆ ನಾಲ್ಕು. ಹನ್ನೆರಡು! ಜಿನ್‌ಫಾನಿಗೆ ಮೈ ಜುಮ್ಮೆಂದಿತು. ತನ್ನಂಥ ಬುದ್ಧಿವಂತ ಈ ಓಣಿಯಲ್ಲಿ ಹುಟ್ಟಿ ವ್ಯರ್ಥವಾದನಲ್ಲ ಎಂದು ತನ್ನ ಮೇಲೆ ತಾನೇ ಮರುಗಿದ.

ಜೋಡಿ ಸಾಲು ಬರೆಯುವವರು ಯೋ ಮೇಷ್ಟ್ರು. ನಿವೃತ್ತಿಯಾದ ಮೇಲೆ ವರ್ಷಕ್ಕೊಮ್ಮೆ ಗುಡಿಯ ಜಗಲಿಯಲ್ಲಿ ಮೇಜು ಹಾಕಿ, ಮಸಿ ತೇದು, ಬಂದವರಿಗೆಲ್ಲ ಪುಕ್ಕಟೆ ಬರೆದುಕೊಡುತ್ತಿದ್ದರು. ಅವರು ಹಣ ತೆಗೆದುಕೊಳ್ಳುತ್ತಿರಲಿಲ್ಲ, ಅದರ ಬದಲು ಬೈಯುತ್ತಿದ್ದರು.

ಜಿನ್‌ಫಾ ಕೊಟ್ಟ ಚೀಟಿ ಓದಿ ಮೇಷ್ಟ್ರು ಕುಂಚ ಕೆಳಗಿಟ್ಟರು. "ಇದೇನಯ್ಯಾ ಇದು?"

"ಜೋಡಿ ಸಾಲು ಮೇಷ್ಟ್ರೇ."

"ಮುದಿ ತಲೆ ನೀರು ಬೆಟ್ಟ! ಇದಕ್ಕೆ ಜೋಡಿ, ಮೂರು ಕುದುರೆ ಗಾಳಿ ದಾರಿ! ಸ್ವರ ಕೂಡಲ್ಲ, ಅರ್ಥ ಕೂಡಲ್ಲ. ಕುಡಿದು ಬರೆದ್ಯಾ? ನಾನು ತಿದ್ದಿಕೊಡ್ತೀನಿ ತಾಳು. 'ಮುದಿ ತಲೆ' ತೆಗೆದು 'ತುಂಬು ಭಾಗ್ಯ' ಹಾಕೋಣ…"

"ಬೇಡ!" ಜಿನ್‌ಫಾ ಮೇಜಿನ ಮೇಲೆ ಅಡ್ಡ ಬಿದ್ದ. "ಒಂದಕ್ಷರ ಮುಟ್ಟಬೇಡಿ. ಹಿಂದೆ ಮುಂದೆ ಕೂಡ ಮಾಡಬೇಡಿ!"

"ಯಾಕೆ? ಇದೇನು ದೇವರು ಹೇಳಿಕೊಟ್ಟಿದ್ದಾ?"

ನಿಜ ಹೇಳುವ ಹಾಗಿಲ್ಲ. ಸುಳ್ಳು ಕಟ್ಟಲು ಸಮಯವಿಲ್ಲ. ಮುಳುಗುವವನಿಗೆ ಹುಲ್ಲುಕಡ್ಡಿಯೇ ಆಸರೆ. ಜಿನ್‌ಫಾ ಎದುರಿನ ಭೂಮಿದೇವ ತಾತನ ಬಿಳಿ ಗಡ್ಡ ನೋಡಿ, "ಹೌದು. ಕನಸಲ್ಲಿ ಬಂದು ಹೇಳಿದ," ಎಂದುಬಿಟ್ಟ.

ಮೇಷ್ಟ್ರು ದೇವರ ಕಡೆ ನೋಡಿದರು. ದೇವರಿಗೆ ಕವಿತೆ ಬರುವುದಿಲ್ಲ ಎಂದು ಇಷ್ಟು ವರ್ಷ ಗೊತ್ತಿರಲಿಲ್ಲ ಎನ್ನುವಂತೆ ನಿಟ್ಟುಸಿರಿಟ್ಟು, ಮೂರೂ ಪಟ್ಟಿ ಬರೆದು ಕೊಟ್ಟರು. ಜಿನ್‌ಫಾ ಮನೆಗೆ ತಂದು ಅಂಟಿಸಿ ಎಣಿಸಿದ. ಹನ್ನೆರಡಿತ್ತು. ಓದಿ ನೋಡಬೇಕೆನ್ನುವಷ್ಟರಲ್ಲಿ ಯೂಚಿನ್ ಹೊರಗೆ ಬಂದಳು. ಅವನು ಬಾಗಿಲಿನ ಗೊಡವೆಯೇ ಇಲ್ಲದವನಂತೆ ಆಕಾಶ ನೋಡಿದ. ಚೀಟಿಯನ್ನು ದೇವರಿಗೆಂದು ಸುಡುವ ಕಾಗದದ ಹಣದ ಜೊತೆ ಗುಡಿಯ ಕುಲುಮೆಯಲ್ಲಿ ಸುಟ್ಟ. ಕೀಲಿ ಒಂದೇ ಇರಬೇಕು, ಅಲ್ಲವೇ?

ಮೇಷ್ಟ್ರು ಯಾರಿಗೂ ಹೇಳಲಿಲ್ಲ, ಆ-ಚೂ ಅಕ್ಕನಿಗೆ ಮಾತ್ರ ಹೇಳಿದರು. ಅಷ್ಟು ಸಾಕಾಯಿತು. ಸಂಜೆ ಹೊತ್ತಿಗೆ ಆ-ಚೂ ಅಕ್ಕ ಸೌಟು ಹಿಡಿದುಕೊಂಡೇ ಬಾಗಿಲ ಮುಂದೆ ನಿಂತಿದ್ದಳು.

"ಮೂರು ಇದೆ. ಒಂಬತ್ತಿದೆ. ಕುದುರೆ ಅಂದ್ರೆ ಹನ್ನೆರಡು ವರ್ಷದ ಚಕ್ರದಲ್ಲಿ ಏಳನೇ ವರ್ಷದ ಪ್ರಾಣಿ, ಅಲ್ಲಿಗೆ ಏಳು. ಮುದಿ ತಲೆ ಅಂದ್ರೆ… ನಮ್ಮತ್ತೆಗೆ ಈಗೆಷ್ಟು ವಯಸ್ಸು?"

"ಅಕ್ಕಾ, ಅದು ಲಾಟರಿ ನಂಬರಲ್ಲ!"

"ನನಗೆ ಹೇಳ್ತೀಯಾ? ಗುಡಿ ಬೂದಿಯಲ್ಲೇ ನಂಬರ್ ಓದೋಳು ನಾನು. ದೇವರು ಬಾಗಿಲ ಮೇಲೇ ಬರೆದು ಕೊಟ್ಟಿರೋವಾಗ ಓದ್ಲಿಕ್ಕಾಗಲ್ವಾ?" ಎಂದು ಫೋನು ತೆಗೆದಳು.

"ಫೋಟೋ ತೆಗೀಬೇಡ! ಯಾರಿಗೂ ತೋರಿಸಬೇಡ!" ಜಿನ್‌ಫಾ ಎರಡೂ ಕೈ ಅಗಲಿಸಿ ಬಾಗಿಲಿಗೆ ಅಡ್ಡ ನಿಂತ.

ಆ-ಚೂ ಅಕ್ಕನ ಮುಖ ಗಂಭೀರವಾಯಿತು. ಗುಟ್ಟು ಮಾಡುತ್ತಾನೆಂದರೆ ಖಂಡಿತ ನಿಜವೇ. ಅವನ ಕಂಕುಳ ಕೆಳಗಿನಿಂದ ಫೋಟೋ ತೆಗೆದು ಓಣಿಯ ಗುಂಪಿಗೆ ಕಳಿಸಿದಳು. ಮರುದಿನ ಅವಳಿಗೆ ಲಾಟರಿಯಲ್ಲಿ ಒಂದು ಹಂದಿತೊಡೆ ಕೊಳ್ಳುವಷ್ಟು ಬಂತು. ಅವಳು ವಾರಕ್ಕೆರಡು ಸಲ ಟಿಕೆಟ್ ಕೊಳ್ಳುವವಳು, ಎಂದಾದರೊಮ್ಮೆ ಬರಲೇಬೇಕಿತ್ತು ಎಂದು ಯಾರೂ ಹೇಳಲಿಲ್ಲ.

ಆಮೇಲಿನ ದಿನಗಳನ್ನು ಏನೆಂದು ಹೇಳುವುದು! ಪಕ್ಕದ ಓಣಿಯವರು ಬಂದರು. ಸೇತುವೆಯಾಚೆಯವರು ಬಂದರು. ಹೊಸ್ತಿಲ ಮೇಲೆ ಕಿತ್ತಳೆ ಹಣ್ಣು ಗೋಪುರವಾಯಿತು. ಹೂಕುಂಡದಲ್ಲಿ ಊದುಬತ್ತಿ ಚುಚ್ಚಿದರು. ಅದರಲ್ಲಿದ್ದ ಯೂಚಿನ್‌ಳ ಈರುಳ್ಳಿ ಸಸಿ ಪ್ರಸಾದವೆಂದು ಹಂಚಿಹೋಯಿತು. ಒಬ್ಬ ಅಜ್ಜಿ ಜಿನ್‌ಫಾನ ತಲೆ ಸವರಿ, "ಮುದಿ ತಲೆ ಅಂದ್ರೆ ಇದೇ ಇರಬೇಕು," ಎಂದು ಬೋಳಾದ ಜಾಗವನ್ನು ಅಳತೆ ಮಾಡಿ ನಂಬರು ತೆಗೆದಳು. ಅವನು ಕೀಲಿ ಮಾಡಲು ಕೂತರೆ, "ಕನಸು ಕಾಣೋ ಮನುಷ್ಯ ಹಗಲು ಹೊತ್ತು ಎದ್ದಿರಬಾರದು, ಮಲಕ್ಕೋ," ಎಂದು ಗದರಿಸಿ ಮನೆಗಟ್ಟಿದರು.

ವಾರ್ಡಿನ ಮುಖಂಡ ಜಿಯೆನ್‌ಗೆ ಸುದ್ದಿ ಮುಟ್ಟಿತು. ಚುನಾವಣೆ ವರ್ಷ. ಬೆಳಿಗ್ಗೆ ಕಂಬದ ಧ್ವನಿವರ್ಧಕ ಗರಗರ ಕೆಮ್ಮಿತು: "ಮಾನ್ಯ ನಿವಾಸಿಗಳೇ, ಕೋ ಜಿನ್‌ಫಾ ಅವರ ಮನೆ ಮುಂದೆ ಸ್ಕೂಟರ್ ನಿಲ್ಲಿಸಬೇಡಿ. ದೇವರ ಮಾತು ಓದುವವರು ಸಾಲಾಗಿ ಬನ್ನಿ. ಬರಲಾಗದ ಹಿರಿಯರಿಗಾಗಿ ಈಗ ಗಟ್ಟಿಯಾಗಿ ಓದುತ್ತೇನೆ…" ಎಂದು ಹನ್ನೆರಡೂ ಪದಗಳನ್ನು ಬಿಡಿಬಿಡಿಯಾಗಿ, ಎರಡೆರಡು ಸಲ ಓದಿದ. ಜಿನ್‌ಫಾ ತಲೆಯ ಮೇಲೆ ಹೊದಿಕೆ ಎಳೆದುಕೊಂಡ. ಆದ್ದರಿಂದ ಅವನೊಬ್ಬನಿಗೆ ಮಾತ್ರ ಸರಿಯಾಗಿ ಕೇಳಿಸಲಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಜಿಯೆನ್ ಹೊಸ ವರ್ಷದ ಕ್ಯಾಲೆಂಡರ್ ಅಚ್ಚು ಹಾಕಿಸಿ ಮನೆಮನೆಗೆ ಹಂಚಿದ. ಮೇಲೆ ಅವನ ಕೈಮುಗಿದ ಫೋಟೋ, ಕೆಳಗೆ ಹನ್ನೆರಡು ಪದ, ತಿಂಗಳಿಗೊಂದರಂತೆ. ಯಾರಿಗೂ ತೋರಿಸಬೇಡಿ ಎಂದು ಫೋನು ಹೇಳಿದ್ದ ಗುಟ್ಟು ಈಗ ತೈನಾನಿನ ಅಡುಗೆಮನೆಗಳಲ್ಲಿ ಮೊಳೆ ಹೊಡೆದು ತೂಗುತ್ತಿತ್ತು.

"ಏನ್ರೀ," ಎಂದಳು ಯೂಚಿನ್ ಮೂಲಂಗಿ ತುರಿಯುತ್ತ. "ದೇವರು ನಿಮ್ಮ ಕನಸಿಗೇ ಬಂದ ಅಂದ್ರೆ ನೀವು ದೊಡ್ಡವರೇ. ಮನೆ ವಿಷಯ ಏನೂ ಹೇಳಲಿಲ್ವಾ? ಬೀರು, ಕಪಾಟು, ಇಂಥಾದ್ದು?" ಮತ್ತೆ ಕಿಣಿಕಿಣಿ.

ಜಿನ್‌ಫಾ ಸೊಂಟ ಹಿಡಿದುಕೊಂಡ. "ದೇವರು ಬೀರು ವಿಷಯಕ್ಕೆಲ್ಲ ಬರ್ತಾನೇನೇ?"

"ಎರಡನೇ ದಿನ ತವರಿಗೆ ಹೋಗೋವಾಗ ಬಳೆ ಹಾಕ್ಕೋಬೇಕು. ಪಾಲಿಶ್ ಮಾಡಿಸಬೇಕಾ ಅಂತ ಯೋಚಿಸ್ತಿದ್ದೆ."

"ಬೇಡ! ಪಾಲಿಶ್ ಮಾಡಿದ್ರೆ ಚಿನ್ನ ಸವೆಯುತ್ತೆ!" ಎಂದು ಅವನು ಹಿತ್ತಲಿಗೆ ಓಡಿದ.

ವರ್ಷದ ಕೊನೆಯ ದಿನ ಮಧ್ಯಾಹ್ನ. ಸಂಜೆಗೆ ಪಾಂಗ್ ಅಂಗಡಿ ಮುಚ್ಚಿದರೆ ಮತ್ತೆ ಹಬ್ಬ ಕಳೆದ ಮೇಲೆಯೇ ತೆಗೆಯುವುದು. ನಾಣ್ಯ ಏರಲಿ ಇಳಿಯಲಿ, ಇದ್ದದ್ದನ್ನು ತೆಗೆದು ಹಳೆಯ ಬಳೆಯನ್ನೇ ವಾಪಸು ತಂದುಬಿಡೋಣ ಎಂದು ಜಿನ್‌ಫಾ ನಿಶ್ಚಯಿಸಿದ. ಬಾಗಿಲ ಮುಂದೆ ನೆರೆದವರ ನಡುವೆ ಫೋನು ಹಿಡಿದು, ವಾಲೆಟ್ಟನ್ನು ಮತ್ತೆ ಇಳಿಸಿಕೊಂಡು, ಕೆಂಪು ಪಟ್ಟಿ ನೋಡಿಕೊಂಡು ಒಂದೊಂದೇ ಪದ ಒತ್ತಿದ. ಜನ ಉಸಿರು ಬಿಗಿಹಿಡಿದು ನೋಡಿದರು. ದೇವರ ಜೊತೆ ನೇರ ಮಾತುಕತೆ ನಡೆಯುತ್ತಿದೆ ಎಂದು ಯಾರೋ ಪಿಸುಗುಟ್ಟಿದರು.

ಫೋನು ಹೇಳಿತು: ಈ ಪದಗಳು ಸರಿಯಿಲ್ಲ.

ಮತ್ತೆ ಒತ್ತಿದ. ಸರಿಯಿಲ್ಲ. ಕನ್ನಡಕ ಹಾಕಿಕೊಂಡು ಒತ್ತಿದ. ಸರಿಯಿಲ್ಲ. ಅವನ ಕಾಲಿನ ಕೆಳಗಿನ ನೆಲ ಸರಿಯಿತು.

ಆ ಹೊತ್ತಿಗೆ ಸರಿಯಾಗಿ ವೇಯ್‌ಹೋಂಗನ ಸ್ಕೂಟರು ಜನರನ್ನು ಸೀಳಿಕೊಂಡು ಬಂತು. ಅವನು ಹೆಲ್ಮೆಟ್ಟನ್ನೂ ತೆಗೆಯದೆ ಕೂಗಾಡಿದ: "ಅಣ್ಣಾ, ಏನಿದು ಮೋಸ? ನಿನ್ನ ಪದಗಳೇ ತಪ್ಪು! ಮೂರು ದಿನದಿಂದ ಹಾಕ್ತಿದ್ದೀನಿ, ತೆಗೀತಾನೇ ಇಲ್ಲ!"

ನೆರೆದವರೆಲ್ಲ ಅವನ ಕಡೆ ತಿರುಗಿದರು.

"ನೀನ್ಯಾಕೋ ಹಾಕಿದೆ?" ಎಂದ ಜಿನ್‌ಫಾ.

"ನಾನು… ಗುಂಪಲ್ಲಿ ಫೋಟೋ ನೋಡಿದ ಕೂಡಲೇ ಗೊತ್ತಾಯ್ತು ವಾಲೆಟ್ ಕೀಲಿ ಅಂತ. ಬೇರೆ ಕಳ್ಳರು ತೆಗೆಯೋ ಮೊದಲು ನಾನೇ ತೆಗೆದು ಕಾಪಾಡೋಣ ಅಂತ!"

"ಕಳ್ಳ ಬರೋ ಮೊದ್ಲು ತಾನೇ ಕದ್ದು ಕಾಪಾಡೋದಾ?" ಎಂದಳು ಆ-ಚೂ ಅಕ್ಕ. "ವಾಲೆಟ್ ಅಂದ್ರೇನು? ಇದು ದೇವರ ಮಾತಲ್ವಾ? ಹಾಗಾದ್ರೆ ನನ್ನ ಹಂದಿತೊಡೆ ಯಾರು ಕೊಟ್ಟಿದ್ದು?"

ಬಾಗಿಲಲ್ಲಿ ಯೂಚಿನ್ ನೆಲ ಒರೆಸುವ ಬಕೆಟ್ಟು ಹಿಡಿದು ನಿಂತಿದ್ದಳು. "ಏನ್ರೀ, ಏನಾದ್ರೂ ಹೇಳೋದಿದೆಯಾ?" ಎಂದಳು. ಈ ವಾರದಲ್ಲಿ ಅವಳು ಎಷ್ಟನೆಯ ಸಲ ಹಾಗೆ ಕೇಳಿದ್ದಳೋ. ಈ ಸಲ ಅವನಿಗೆ ಓಡಲು ಹಿತ್ತಲು ಇರಲಿಲ್ಲ.

ಜಿನ್‌ಫಾ ಹೊಸ್ತಿಲ ಮೇಲೆ, ಕಿತ್ತಳೆ ಹಣ್ಣುಗಳ ನಡುವೆ ಕುಸಿದು ಕೂತ. "ನಿನ್ನ ಬಳೆ ಮಾರಿಬಿಟ್ಟೆ ಕಣೇ. ಹೋದ ವರ್ಷ ನಿಮ್ಮಮ್ಮನ ಮನೇಲಿ ನೀನು ತೋಳು ಎಳಕೊಂಡ್ಯಲ್ಲ, ಅದು ನೋಡೋಕಾಗಲಿಲ್ಲ. ದಪ್ಪದ್ದು ತರೋಣ ಅಂತ ಹೋದೆ. ನಾಣ್ಯ ಕೊಂಡೆ. ಕೀಲಿ ಬಾಗಿಲ ಮೇಲೆ ಬರೆಸಿದೆ. ದೇವರೂ ಬರಲಿಲ್ಲ, ಕನಸೂ ಬಿದ್ದಿಲ್ಲ. ಈಗ ಕೀಲಿ ತಿರುಗ್ತಿಲ್ಲ. ಸಣ್ಣ ಬಳೆಯೂ ಹೋಯ್ತು, ದಪ್ಪ ಬಳೆಯೂ ಹೋಯ್ತು." ಹೇಳುತ್ತ ಹೇಳುತ್ತ ಅಷ್ಟು ಜನರ ಮುಂದೆ ಅತ್ತೇಬಿಟ್ಟ, ಪಾಪ.

ಇಷ್ಟೊತ್ತು ಹಿಂದೆ ನಿಂತಿದ್ದ ಯೋ ಮೇಷ್ಟ್ರು ಕೆಮ್ಮಿದರು. ಇನ್ನೊಮ್ಮೆ ಕೆಮ್ಮಿದರು.

"ಅದೂ… ಒಂದಕ್ಷರ ನಾನು ತಿದ್ದಿದ್ದೆ."

"ಮೇಷ್ಟ್ರೇ!!"

"ಮತ್ತೇನು ಮಾಡಲಯ್ಯಾ? ಹೊಸ ವರ್ಷದ ದಿನ ಬಾಗಿಲ ಮೇಲೆ ಆ ಮಾತು ಬರೀತಾರೇನಯ್ಯಾ? ಭಾಗ್ಯ ಬರ್ತಾ ಬರ್ತಾ ಅದನ್ನ ಓದಿ ಅಲ್ಲೇ ನಿಂತುಬಿಡುತ್ತೆ! ಮೇಲಿನ ಪಟ್ಟೀಲಿ ನಾನು 'ಹೊಸ' ಅಂತ ಹಾಕಿದೆ, ನೀನು ಬರೆದಿದ್ದು ಅದಲ್ಲ. 'ಹೊರಗೆ'. ಹೊರಗೆ, ಬಾಗಿಲು, ಒಂಬತ್ತು, ಕೈ!" ನಲವತ್ತು ವರ್ಷ ಪಾಠ ಹೇಳಿದ ಗಂಟಲು, ಓಣಿಯ ಆಚೆ ತುದಿಗೂ ಕೇಳಿಸಿತು.

ಸರಿಯಾದ ಕೀಲಿ ಈಗ ಬಟಾಬಯಲಿನಲ್ಲಿ ಬಿದ್ದಿತ್ತು. ಜಿನ್‌ಫಾ ಕಣ್ಣೊರೆಸಿಕೊಂಡು ಕನ್ನಡಕ ಹುಡುಕತೊಡಗಿದ. ಅದು ಹಣೆಯ ಮೇಲಿತ್ತು. ವೇಯ್‌ಹೋಂಗನ ಫೋನಿನಲ್ಲಿ ಮಿಕ್ಕ ಹನ್ನೊಂದು ಪದ ಮೊದಲೇ ಕೂತಿದ್ದವು. ಅವನ ಹೆಬ್ಬೆರಳು ತಾನಾಗಿಯೇ ಚಲಿಸಿತು. "ಕಾಪಾಡೋಕೆ, ಕಾಪಾಡೋಕೆ ಮಾತ್ರ…" ಎನ್ನುತ್ತಿದ್ದ.

ಯೂಚಿನ್ ಎರಡೇ ಹೆಜ್ಜೆಯಲ್ಲಿ ಅವನ ಮುಂದಿದ್ದಳು. ಫೋನನ್ನು ಕಸಿದು ಕೊಳೆ ನೀರಿನ ಬಕೆಟ್ಟಿಗೆ ಹಾಕಿದಳು. ಅದು ತೇಲೀತೆಂಬ ಅನುಮಾನಕ್ಕೋ ಏನೋ, ತೋಳುಗವಸನ್ನು ಮೊಣಕೈವರೆಗೆ ಸರಿಸಿ, ಕೈ ಮುಳುಗಿಸಿ ಫೋನನ್ನು ತಳಕ್ಕೆ ಒತ್ತಿ ಹಿಡಿದಳು.

ನೀರಿನಿಂದ ಎದ್ದ ಕೈಯಲ್ಲಿ ಎರಡು ಸಣ್ಣ ಚಿನ್ನದ ಬಳೆಗಳು ಹೊಳೆಯುತ್ತಿದ್ದವು.

ಜಿನ್‌ಫಾ ಬಾಯಿ ತೆರೆದ. ಒಂದು, ಎರಡು ಎಂದು ಬಳೆಗಳನ್ನು ಎಣಿಸಿದ.

"ನೀವು ಮಾರಿದ ಸಾಯಂಕಾಲವೇ ಪಾಂಗಣ್ಣ ಬಂದು ಹೇಳಿದ," ಎಂದಳು ಯೂಚಿನ್. "ನಾನು ಕೂಡಿಟ್ಟ ಕೈಗಂಟು ಇತ್ತು, ಅದನ್ನ ಕೊಟ್ಟು ಬಿಡಿಸಿಕೊಂಡು ಬಂದೆ. ಆವತ್ತಿನಿಂದ ಕೈಯಲ್ಲೇ ಹಾಕ್ಕೊಂಡು ತಿರುಗ್ತಿದ್ದೀನಿ. ಪಾತ್ರೆ ತೊಳೆಯೋವಾಗ, ಮೂಲಂಗಿ ತುರಿಯೋವಾಗ, ನಿಮ್ಮ ಕಿವಿ ಪಕ್ಕಾನೇ ಕಿಣಿಕಿಣಿ ಅಂತಿತ್ತು. ಒಂದು ದಿನ ತಿರುಗಿ ನೋಡಿದ್ರಾ?"

"ನನ್ನ ಕೀಲಿ ಸದ್ದು ಅಂದ್ಕೊಂಡೆ ಕಣೇ," ಎಂದ ಜಿನ್‌ಫಾ ಸಣ್ಣ ದನಿಯಲ್ಲಿ.

ಜನ ನಕ್ಕರು. ಅವಳು ನಗಲಿಲ್ಲ. "ದಪ್ಪದ್ದು ಕೇಳಿದ್ನಾ ನಾನು? ಆವತ್ತು ತೋಳು ಎಳಕೊಂಡಿದ್ದು ಚಳಿಗೆ ಕಣ್ರೀ. ಅಮ್ಮನ ಮನೆ ಕಿಟಕಿ ಮುಚ್ಚಲ್ಲ." ಆ ಮಾತು ನಿಜವೋ ಅಲ್ಲವೋ ಇವತ್ತಿಗೂ ನಮಗೆ ಗೊತ್ತಿಲ್ಲ. ಆದರೆ ಅವಳು ಹೇಳಿದ ರೀತಿಗೆ ಆ-ಚೂ ಅಕ್ಕ ಕೂಡ ಸೆರಗಿಲ್ಲದ ತಪ್ಪಿಗೆ ಸೌಟಿನ ಬಟ್ಟೆಯಲ್ಲೇ ಮೂಗೊರೆಸಿಕೊಂಡಳು.

ಆಮೇಲೆ ಗಂಡಹೆಂಡತಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅವನು ಹಳೆಯ ಪದಗಳಿಂದ ವಾಲೆಟ್ ತೆರೆದ. ಊರಿಗೆಲ್ಲ ಗೊತ್ತಾದ ಕೀಲಿಯಲ್ಲಿ ಹಣ ಇಡಬಾರದೆಂದು ಅಲ್ಲೇ ಇನ್ನೊಂದು ಹೊಸ ವಾಲೆಟ್ ಮಾಡಿ, ಇದ್ದದ್ದನ್ನೆಲ್ಲ ಅದಕ್ಕೆ ಸಾಗಿಸಿದ. ಬಳೆ ಮಾರಿ ಹಾಕಿದ್ದಕ್ಕಿಂತ ಒಂದು ಬಟ್ಟಲು ನೂಡಲ್ಸಿನಷ್ಟು ಕಡಿಮೆಯಾಗಿತ್ತು. ಹೊಸ ಪದಗಳನ್ನು ಯೂಚಿನ್ ಬರೆದುಕೊಂಡಳು.

"ಎಲ್ಲಿಡ್ತೀಯೇ?"

"ನನ್ನ ಕೈಗಂಟು ಇಷ್ಟು ವರ್ಷ ಈ ಮನೇಲೇ ಇತ್ತು. ನಿಮಗೆ ಸಿಕ್ತಾ?"

ಅವನು ಕನ್ನಡಕ ಒರೆಸತೊಡಗಿದ.

ಎರಡನೇ ದಿನ ಬೆಳಿಗ್ಗೆ ತವರಿಗೆ ಹೊರಟರು. ಹೊರಡುವಾಗ ಜಿನ್‌ಫಾ ಒಂದು ಕೆಲಸ ಮಾಡಿದ. ಸೊಂಟದ ಗೊಂಚಲು ಬಿಚ್ಚಿ ಮೇಜಿನ ಮೇಲಿಟ್ಟ. ಯೂಚಿನ್ ಮೊದಲು ಹೊರಗೆ ಬಂದಳು, ಅವನು ಬಾಗಿಲು ಎಳೆದ. ಸ್ಕೂಟರಿನ ಹಿಂದೆ ಕೂತ ಅವಳ ಕೈ ದಾರಿಯುದ್ದಕ್ಕೂ ಕಿಣಿಕಿಣಿ ಎನ್ನುತ್ತಿತ್ತು, ಅವನು ಕೇಳುತ್ತಲೇ ಗಾಡಿ ಓಡಿಸಿದ. ಊಟದ ಮೇಜಿನಲ್ಲಿ ವೇಯ್‌ಹೋಂಗ್ ತಟ್ಟೆಯಿಂದ ತಲೆಯೆತ್ತಲಿಲ್ಲ. "ಅಳಿಯಂದ್ರೇ, ನಿಮ್ಮ ಕನಸಲ್ಲಿ ದೇವರು ಏನಂದನಂತೆ?" ಎಂದು ಅತ್ತೆ ಕೇಳಿದರು. ಅವರ ಮನೆಯಲ್ಲೂ ಕ್ಯಾಲೆಂಡರ್ ತೂಗುತ್ತಿತ್ತು.

"ಹೆಂಡತಿಗೆ ಹೇಳದೆ ಬೀರು ತೆಗೀಬೇಡ ಅಂದನಂತಮ್ಮಾ," ಎಂದಳು ಯೂಚಿನ್, ಮೀನಿನ ಮೇಲೆ ಕೈ ಚಾಚಿ. ಈ ಸಲ ಅವಳು ತೋಳು ಎಳೆದುಕೊಳ್ಳಲಿಲ್ಲ.

ಸಂಜೆ ಇಬ್ಬರೂ ಮನೆಗೆ ಬಂದರು. ಜಿನ್‌ಫಾ ಬಾಗಿಲ ಮುಂದೆ ನಿಂತು ಅಭ್ಯಾಸದಂತೆ ಸೊಂಟಕ್ಕೆ ಕೈ ಹಾಕಿದ. ಆಮೇಲೆ ಕಿಟಕಿಯಿಂದ ಒಳಗೆ ಇಣುಕಿದ. ಗೊಂಚಲು ಮೇಜಿನ ಮೇಲೆ ಭದ್ರವಾಗಿತ್ತು. ಮನೆಯ ಕೀಲಿ ಅದರಲ್ಲೇ, ಅಂಗಡಿಯ ಕೀಲಿ ಅದರಲ್ಲೇ, ಸೊಟ್ಟ ತಂತಿಯೂ ಅದರಲ್ಲೇ. ಬೀಗವೋ, ಅವನ ಅಂಗಡಿಯಲ್ಲಿದ್ದದ್ದರಲ್ಲೆಲ್ಲ ಗಟ್ಟಿಯಾದದ್ದು. ಎಳೆದರೆ ತಾನೇ ಹಾಕಿಕೊಳ್ಳುವಂಥದ್ದು. ಆ-ಚೂ ಅಕ್ಕ ಚಮಚ ತಂದಳು, ಬಾಗಿತು. ಜಿಯೆನ್ ಧ್ವನಿವರ್ಧಕದಲ್ಲಿ ಯಾರ ಹತ್ತಿರವಾದರೂ ತಂತಿ ಇದೆಯೇ ಎಂದು ಕೇಳಿದ. ಓಣಿಯ ಎಲ್ಲರೂ ಬಂದರು. ಒಬ್ಬರ ಹತ್ತಿರವೂ ತಂತಿ ಇರಲಿಲ್ಲ. ಬಾಗಿಲಿನ ಮೇಲೆ ಕೈಗಳೇ ಕೈಗಳು, ಒಬ್ಬೊಬ್ಬರೂ ತಳ್ಳುವವರೇ.

ಯೋ ಮೇಷ್ಟ್ರು ಬಂದು ಇದೆಲ್ಲವನ್ನೂ ನೋಡಿದರು. ಹೊಸ್ತಿಲ ಮೇಲೆ ತಲೆಯ ಮೇಲೆ ಕೈ ಹೊತ್ತು ಕೂತ ಜಿನ್‌ಫಾನನ್ನು ನೋಡಿದರು. ಮೇಲಿನ ಪಟ್ಟಿ ನೋಡ ನೋಡುತ್ತ ಅವರ ಮುಖ ಬಿಳಿಚಿತು. ಮನೆಗೆ ಹೋಗಿ ಮಸಿ, ಕುಂಚ, ಒಂದು ಚೂರು ಕೆಂಪು ಕಾಗದ ತಂದು, ಸ್ಟೂಲು ಹತ್ತಿ, 'ಹೊಸ'ದ ಮೇಲೆ 'ಹೊರಗೆ' ಎಂದು ಅಂಟಿಸಿದರು. ಇಳಿದು ಗುಡಿಯ ಕಡೆ ತಿರುಗಿ ಕೈಮುಗಿದರು.

"ತಪ್ಪಾಯ್ತು ತಾತಾ," ಎಂದರು. "ನೀನು ಸರಿಯಾಗೇ ಬರೆಸಿದ್ದೆ. ಮುದಿ ತಲೆ, ಬಾಗಿಲ ಹೊರಗೆ. ನಾನೇ ತಿದ್ದಿ ಕೆಡಿಸಿದೆ."

ಯೂಚಿನ್ ಮೊದಲು ಬಾಯಿಗೆ ಕೈ ಅಡ್ಡ ಹಿಡಿದಳು. ಆಮೇಲೆ ತಡೆಯಲಾರದೆ ಗಂಡನ ಪಕ್ಕ ಹೊಸ್ತಿಲ ಮೇಲೆ ಕುಸಿದು ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಕಿಣಿಕಿಣಿ ಸದ್ದಾಯಿತು. ಜಿನ್‌ಫಾನ ಕೈ ತಾನಾಗಿ ಸೊಂಟಕ್ಕೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಅವನು ತಿರುಗಿ ಅವಳ ಕೈ ನೋಡಿದ.